ಅನುಭವವೇ ದುಡಿಮೆಗಾರನ ಬಂಡವಾಳ

(ಹೊಸಪೇಟೆಯಲ್ಲಿ ಗಿರಣಿ ಕೆಲಸಗಾರರೂ ಸಣ್ಣ ವರ್ತಕರೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)

ನಿಮ್ಮಲ್ಲಿ ಕೆಲವರು ಪಾಳಿ ಮುಗಿಸಿ ನೇರವಾಗಿ ಬಂದಿದ್ದೀರಿ. ಕೆಲವರು ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ಮಗನನ್ನೋ ತಮ್ಮನನ್ನೋ ಕೂಡಿಸಿ ಬಂದಿದ್ದೀರಿ. ನಿಮ್ಮ ಹೊತ್ತು ಬೆಲೆಯುಳ್ಳದ್ದು. ಆದಕಾರಣ ಹೇಳಬೇಕಾದ ಮಾತನ್ನು ಮೊದಲಿಗೇ ಹೇಳಿಬಿಡುತ್ತೇವೆ.

ಕೆಲಸದಲ್ಲಿ ತೊಡಕು ಬಂದಾಗ ಹೊಸಬನೂ ಅದನ್ನು ಬಿಡಿಸಲು ನೋಡುತ್ತಾನೆ, ಹಳಬನೂ ನೋಡುತ್ತಾನೆ. ಇಬ್ಬರಿಗೂ ಇರುವುದು ಎರಡೇ ಕೈ. ಹಳಬನಿಗೆ ಉತ್ತರ ಬೇಗ ಹೊಳೆಯುತ್ತದೆ, ಅದೇ ವ್ಯತ್ಯಾಸ ಎಂದು ಜನ ಹೇಳುವುದುಂಟು. ನಮಗೆ ಹಾಗೆ ತೋರುವುದಿಲ್ಲ. ಅನುಭವವು ಮನುಷ್ಯನ ಮೊದಲನೆಯ ಪ್ರಶ್ನೆಯನ್ನೇ ಬದಲಿಸುತ್ತದೆ. "ಈಗ ಏನು ಮಾಡಲಿ?" ಎಂಬುದು ಹೊಸಬನ ಪ್ರಶ್ನೆ. "ಇಲ್ಲಿ ಏನು ನಡೆದಿದೆ?" ಎಂಬುದು ಹಳಬನ ಪ್ರಶ್ನೆ. ಈ ಎರಡು ಪ್ರಶ್ನೆಗಳ ನಡುವೆ ಇರುವ ದೂರವನ್ನು ದಾಟಲು ಹತ್ತು ಇಪ್ಪತ್ತು ವರ್ಷ ಬೇಕಾಗುತ್ತವೆ. ಆ ವರ್ಷಗಳು ಯಾರವು, ಅವುಗಳಿಗೆ ಯಾರು ಬೆಲೆ ಕೊಡುತ್ತಾರೆ, ಅವು ಎಲ್ಲಿ ಪೋಲಾಗುತ್ತಿವೆ ಎಂಬುದು ಇಂದಿನ ನಮ್ಮ ವಿಚಾರ.

ನಮ್ಮ ಸ್ವಂತ ಅನುಭವದಿಂದಲೇ ತೊಡಗುತ್ತೇವೆ. ನಾವು ಹುಡುಗರಾಗಿದ್ದಾಗ ಕಂಪ್ಲಿಯ ಕಡೆಯ ಒಂದು ಅಕ್ಕಿ ಗಿರಣಿಯಲ್ಲಿ ಫಿಟ್ಟರನ ಕೈಕೆಳಗೆ ಕೆಲಸಕ್ಕೆ ಸೇರಿದೆವು. ಒಂದು ದಿನ ದೊಡ್ಡ ಶಾಫ್ಟಿನ ಬೇರಿಂಗು ಕೈಯಿಡಲಾರದಷ್ಟು ಕಾಯತೊಡಗಿತು. ಫಿಟ್ಟರು ಊರಲ್ಲಿರಲಿಲ್ಲ. ಕಾದ ಬೇರಿಂಗಿಗೆ ಗ್ರೀಸು ಬೇಕು ಎಂಬುದು ನಮಗೆ ತಿಳಿದಿದ್ದ ಒಂದೇ ಮದ್ದು. ತುಂಬಿದೆವು. ಇನ್ನಷ್ಟು ಕಾಯಿತು. ಮತ್ತೆ ತುಂಬಿದೆವು. ಹೊಗೆ ಬಂತು. ಮಾಲಕರು ಓಡಿಬಂದು ಬೈದರು. ನಾವು ಗಾಬರಿಯಿಂದ ಮತ್ತೆ ಗ್ರೀಸಿನ ಡಬ್ಬಿಗೆ ಕೈಹಾಕಿದೆವು.

ಮಧ್ಯಾಹ್ನಕ್ಕೆ ಫಿಟ್ಟರು ಬಂದರು. ಸ್ಪಾನರು ಮುಟ್ಟಲಿಲ್ಲ. ಗಿರಣಿ ನಿಲ್ಲಿಸಿ ಎಂದರು. ಬೀಡಿ ಹಚ್ಚಿಕೊಂಡು ಗೋಡೆಗೆ ಒರಗಿ ನಿಂತು ಎರಡೇ ಮಾತು ಕೇಳಿದರು: "ಯಾವಾಗಿನಿಂದ ಕಾಯ್ತಾ ಇದೆ? ಅದಕ್ಕೂ ಮೊದಲು ಏನು ಬದಲಾಯ್ತು?" ಏನೂ ಬದಲಾಗಿಲ್ಲ ಎಂದೆವು. ಆಗ ಚೀಲ ಹೊರುತ್ತಿದ್ದ ಒಬ್ಬ ಹಮಾಲ ಹೇಳಿದ: "ಅಣ್ಣಾ, ಮೊನ್ನೆ ಹೊಸ ಪಟ್ಟಾ ಹಾಕಿದ್ರಲ್ಲ." ಅಷ್ಟೇ. ಪಟ್ಟಾ ಅತಿಯಾಗಿ ಬಿಗಿದಿತ್ತು. ಶಾಫ್ಟನ್ನು ಒಂದೇ ಕಡೆಗೆ ಎಳೆಯುತ್ತಿತ್ತು. ಗ್ರೀಸು ಹೆಚ್ಚಾದರೂ ಬೇರಿಂಗು ಕಾಯುತ್ತದೆ ಎಂಬುದು ನಮಗೆ ಅಂದು ತಿಳಿಯಿತು. ರೋಗ ಒಂದಿತ್ತು, ನಾವು ಎರಡು ಮಾಡಿದ್ದೆವು.

ಆ ದಿನ ನಾವು ಕಲಿತದ್ದು ಮೂರು. ಮೊದಲು ನಿಲ್ಲಿಸು. ಆಮೇಲೆ, ಏನು ಬದಲಾಗಿದೆ ಎಂದು ಕೇಳು. ಮೂರನೆಯದು, ಯಾರನ್ನು ಯಾರೂ ಕೇಳುವುದಿಲ್ಲವೋ ಅವನನ್ನು ಕೇಳು. ಆ ಹಮಾಲನಿಗೆ ಬೆಳಗಿನಿಂದಲೂ ಉತ್ತರ ಗೊತ್ತಿತ್ತು. ಮಾಲಕರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಇದು ಗಿರಣಿಯೊಂದರ ಮಾತಲ್ಲ. ನಮ್ಮ ಸೀಮೆಯ ಯಾವ ಕಸುಬನ್ನಾದರೂ ನೋಡಿ. ಕಂಪ್ಲಿಯ ಸುತ್ತಿನ ಕಬ್ಬಿನ ಸೀಮೆಯಲ್ಲಿ ಬೆಲ್ಲದ ಕೊಪ್ಪರಿಗೆಯ ಮುಂದೆ ನಿಂತವನು ಗಡಿಯಾರ ನೋಡುವುದಿಲ್ಲ. ರಸ ಉಕ್ಕಿಬಂದರೆ ಹೊಸಬ ಹೆದರಿ ಒಲೆಯ ಬೆಂಕಿ ಎಳೆಯುತ್ತಾನೆ. ಹಳಬ ನಾಲ್ಕು ಹನಿ ಎಣ್ಣೆ ಬಿಟ್ಟು ನೊರೆ ಇಳಿಸುತ್ತಾನೆ, ಬೆಂಕಿ ಹಾಗೇ ಇರುತ್ತದೆ. ಪಾಕ ಬಂತೋ ಇಲ್ಲವೋ ನೋಡಲು ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಮಾಡುತ್ತಾನೆ. ಎರಡು ನಿಮಿಷ ಮುಂಚೆ ಇಳಿಸಿದರೆ ಅಚ್ಚು ನಿಲ್ಲುವುದಿಲ್ಲ, ತಡವಾದರೆ ಸೀದು ಕಪ್ಪಾಗುತ್ತದೆ. ಬಲ್ಲವನೇ ಬಲ್ಲ ಬೆಲ್ಲದ ಸವಿಯ ಎನ್ನುತ್ತೇವೆ. ಸವಿಗಿಂತ ಹದವನ್ನು ಬಲ್ಲವನೇ ದೊಡ್ಡವನು.

ಹಂಪಿಯ ತಳವಾರ ಘಟ್ಟದಲ್ಲಿ ಹರಿಗೋಲು ಹಾಕುವವನನ್ನು ನೋಡಿ. ಹೊಳೆ ತುಂಬಿದಾಗ ಆತ ಎದುರು ದಂಡೆಗೆ ನೇರವಾಗಿ ಹುಟ್ಟು ಹಾಕುವುದಿಲ್ಲ. ದಂಡೆಯ ಬದಿಯಲ್ಲೇ ಮೇಲಕ್ಕೆ ಹೋಗಿ, ಅಲ್ಲಿಂದ ಸೆಳವಿಗೆ ಬಿಟ್ಟುಕೊಂಡು, ತಾನು ಸೇರಬೇಕಾದ ಕಡೆಗೆ ಸೆಳವೇ ತರುವಂತೆ ಮಾಡುತ್ತಾನೆ. ನೀರಿನ ಜೊತೆ ಗುದ್ದಾಡಿದವನು ನಡುಹೊಳೆಯಲ್ಲಿ ಸೋಲುತ್ತಾನೆ ಎಂಬುದು ಆತನಿಗೆ ಗೊತ್ತು.

ಸಂಡೂರಿನ ಗಣಿಗೆ ಹೋಗಿ. ಮಳೆ ಬಂದ ಮರುದಿನ ಹಳೆಯ ಕೆಲಸಗಾರ ಅದಿರಿನ ಕಡಿದ ಗೋಡೆಯ ಬುಡಕ್ಕೆ ಹೋಗುವ ಮುಂಚೆ ಮೇಲೆ ಬಿರುಕು ಬಿಟ್ಟಿದೆಯೇ ಎಂದು ನೋಡುತ್ತಾನೆ, ಹಾರೆಯಿಂದ ಬಂಡೆಯನ್ನು ತಟ್ಟಿ ಕಿವಿಗೊಡುತ್ತಾನೆ. ಗಟ್ಟಿ ಬಂಡೆಯ ಸದ್ದು ಬೇರೆ, ಸಡಿಲಾದ ಬಂಡೆಯ ಟೊಳ್ಳು ಸದ್ದು ಬೇರೆ. ದಿನದ ಲೆಕ್ಕ ತುಂಬಿಸುವ ಅವಸರದಲ್ಲಿರುವ ಮೇಲ್ವಿಚಾರಕನಿಗೆ ಇದು ಹೊತ್ತು ಕಳೆಯುವ ಕೆಲಸವಾಗಿ ಕಾಣುತ್ತದೆ. ಆದರೆ ಆ ಒಂದು ನಿಮಿಷದಲ್ಲಿ ಒಂದು ಸಂಸಾರ ಉಳಿಯುತ್ತದೆ.

ವರ್ತಕ ಮಿತ್ರರಿಗೂ ಈ ಮಾತು ಸಲ್ಲುತ್ತದೆ. ವ್ಯಾಪಾರ ಇಳಿಯಿತು ಎಂದರೆ ಹೊಸ ಅಂಗಡಿಕಾರ ಎದುರಂಗಡಿಯವನನ್ನು ನೋಡುತ್ತಾನೆ. ದರ ಇಳಿಸುತ್ತಾನೆ, ಇಲ್ಲವೇ ಒಂದೆರಡು ಬಾಕಿ ಮುಳುಗಿದ ಸಿಟ್ಟಿಗೆ ಉದ್ರಿಯನ್ನೇ ನಿಲ್ಲಿಸಿಬಿಡುತ್ತಾನೆ. ಹಳಬ ಕಾಲುವೆಯನ್ನು ನೋಡುತ್ತಾನೆ. ನೀರು ಯಾವಾಗ ಬಿಟ್ಟರು, ಭತ್ತ ಯಾವಾಗ ಕೊಯ್ಲಿಗೆ ಬರುತ್ತದೆ, ಕಬ್ಬಿನ ಹಣ ಯಾವ ತಿಂಗಳು ಕೈಸೇರುತ್ತದೆ, ಗಣಿಯ ಪಗಾರದ ದಿನ ಯಾವುದು ಎಂದು ಲೆಕ್ಕ ಹಾಕುತ್ತಾನೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿದಾಗ ಲಾರಿಗಳು ಸಾಲುಸಾಲಾಗಿ ನಿಂತವು. ಅಂದು ಗ್ಯಾರೇಜು, ಟೈರಿನ ಅಂಗಡಿ, ಚಹದ ಅಂಗಡಿಗಳಿಗೆ ಬಿದ್ದ ಪೆಟ್ಟು ಅಂಗಡಿಯೊಳಗಿನ ತಪ್ಪಿನಿಂದ ಬಂದದ್ದಲ್ಲ. ತೊಡಕು ಕಾಣುವ ಕಡೆಯೇ ಅದರ ಬೇರು ಇರುವುದಿಲ್ಲ. ಬೇರಿಂಗು ಕಾದರೆ ಪಟ್ಟಾ ನೋಡು, ಗಲ್ಲಾ ಬರಿದಾದರೆ ಕಾಲುವೆ ನೋಡು.

ಕಾಲುವೆಯ ಮಾತು ಬಂತು. ಈ ಊರೇ ನೀರಿನ ಕೆಲಸದಿಂದ ಬೆಳೆದ ಊರು. ಕೃಷ್ಣದೇವರಾಯನ ಕಾಲದಲ್ಲಿ ಇಲ್ಲಿ ನಾಗಲಾಪುರ ಕಟ್ಟಿದರು, ಬಳಿಯಲ್ಲಿ ದೊಡ್ಡ ಕೆರೆಗೆ ಏರಿ ಹಾಕಿಸಿದರು. ಇಂದಿನ ರಾಯರ ಕೆರೆಯೇ ಅದೆಂದು ಹೇಳುತ್ತಾರೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಆ ಕೆಲಸವನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ದುಡಿಯುತ್ತಿದ್ದರಂತೆ, ಅವರ ಕಾಲ ಕೆಳಗಿನ ನೆಲವೇ ಕಾಣುತ್ತಿರಲಿಲ್ಲವಂತೆ. ಆ ಏರಿ ಎರಡು ಮೂರು ಸಲ ಒಡೆಯಿತು. ಅರಸ ತನ್ನ ಪುರೋಹಿತರನ್ನು ಕೇಳಿದ. ದೇವರಿಗೆ ಬಲಿ ಬೇಕು ಎಂದರು. ಅರವತ್ತು ಮನುಷ್ಯರ, ಜೊತೆಗೆ ಕುದುರೆ ಕೋಣಗಳ ತಲೆ ಹೊಡೆಸಿದರೆಂದು ಪಾಯೆಸ್ ಬರೆಯುತ್ತಾನೆ. ನೋಡಿ, ಇದೂ ತೊಡಕು ಬಿಡಿಸುವ ಒಂದು ರೀತಿ! ಏರಿ ಏಕೆ ಒಡೆಯಿತು ಎಂದು ಕೇಳದೆ ಯಾರ ತಲೆ ಹೊಡೆಯಬೇಕು ಎಂದು ಕೇಳುವ ರೀತಿ. ಅದು ಅರಸರ ಕಾಲಕ್ಕೇ ಮುಗಿಯಿತೆಂದು ತಿಳಿಯಬೇಡಿ. ಇಂದಿಗೂ ಯಂತ್ರ ಕೆಟ್ಟರೆ ಮೊದಲು ಒಬ್ಬನ ಕೆಲಸ ಹೋಗುತ್ತದೆ. ಯಂತ್ರ ನೋಡುವುದು ಆಮೇಲೆ.

ಅದೇ ಕೆರೆಯ ವಿಷಯದಲ್ಲಿ ನ್ಯೂನಿಜ್ ಎಂಬ ಇನ್ನೊಬ್ಬ ಪೋರ್ಚುಗೀಸ್ ಲೇಖಕ ಮತ್ತೊಂದು ಸಂಗತಿ ಹೇಳುತ್ತಾನೆ. ಜೊವಾವೊ ದೆ ಲಾ ಪೊಂತೆ ಎಂಬ ಕಲ್ಲುಕೆಲಸದವನನ್ನು ಅರಸ ಕರೆಸಿಕೊಂಡ. ಆತ ಕಟ್ಟೆಗೆ ಸುಣ್ಣ ಸುಡಿಸಿ ಎಂದಾಗ ಇಲ್ಲಿಯವರು ನಕ್ಕರಂತೆ. ಹೀಗೆ ನಕ್ಕವರು ಕೆಲಸ ತಿಳಿಯದವರೇನೂ ಅಲ್ಲ. ಆ ಕಾಲದವರು ತೋಡಿದ ತುರ್ತು ಕಾಲುವೆ, ಬಸವಣ್ಣ ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತಿದೆ. ಆದರೂ ಹೊಸ ಮಾತು ಕೇಳಿ ನಕ್ಕರು. ನಾನೂರು ವರ್ಷಗಳ ಮೇಲೆ ಇದೇ ಹೊಳೆಗೆ ಅಡ್ಡವಾಗಿ ತುಂಗಭದ್ರಾ ಅಣೆಕಟ್ಟೆ ಎದ್ದಿತು. 1945ರಲ್ಲಿ ಅಡಿಗಲ್ಲು, 1953ರಲ್ಲಿ ನೀರು. ಅದರ ಕಲ್ಲುಗಳನ್ನು ಹಿಡಿದಿರುವುದು ಸುಣ್ಣ ಬೆರೆಸಿದ ಸುರ್ಕಿ ಗಾರೆ! ಅನುಭವಸ್ಥನು ನಗುವ ಮುಂಚೆ ಒಂದು ಗಳಿಗೆ ತಡೆಯಬೇಕು. ಈ ಮಾತಿಗೆ ಆಮೇಲೆ ಬರುತ್ತೇವೆ.

ಈಗ ನೀವೆಲ್ಲರೂ ಕಂಡ ಸಂಗತಿ. 2024ರ ಆಗಸ್ಟ್ 10ರ ರಾತ್ರಿ. ಜಲಾಶಯ ತುಂಬಿ ನಿಂತಿತ್ತು, ಸುಮಾರು 105 ಟಿ.ಎಂ.ಸಿ. 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿಯಿತು. 60 ಅಡಿ ಅಗಲ, 20 ಅಡಿ ಎತ್ತರದ ಗೇಟು ಕೊಚ್ಚಿಹೋಯಿತು. ಆ ಒಂದೇ ಬಾಗಿಲಿನಿಂದ 35 ಸಾವಿರ ಕ್ಯೂಸೆಕ್ಸಿನಷ್ಟು ನೀರು ನುಗ್ಗಿತು. ಹೊಳೆಯ ದಂಡೆಯ ಊರುಗಳಿಗೆ ಪ್ರವಾಹದ ಭಯ. ಕೊಪ್ಪಳ, ರಾಯಚೂರು, ಬಳ್ಳಾರಿ, ವಿಜಯನಗರ ಜಿಲ್ಲೆಗಳ ರೈತರಿಗೂ ಕೆಳಗಿನ ಆಂಧ್ರ, ತೆಲಂಗಾಣದ ರೈತರಿಗೂ ಬೆಳೆಯ ಭಯ.

ಒಂದು ಗೇಟು ಹೋಯಿತು, ಉಳಿದ 32ನ್ನು ಬಿಗಿಯಾಗಿ ಮುಚ್ಚಿ ನೀರು ಉಳಿಸಿ ಎಂದು ನಮಗೆ ನಿಮಗೆ ತೋರುವುದು ಸಹಜ. ಅಣೆಕಟ್ಟೆಯವರು ಉಳಿದ ಗೇಟುಗಳನ್ನೂ ತೆರೆದರು! ಕಟ್ಟೆಯ ಮೇಲಿನ ನೀರಿನ ಒತ್ತಡ ಮೊದಲು ಇಳಿಯಬೇಕಾಗಿತ್ತು. ನೀರನ್ನು ಆಮೇಲೆ ಉಳಿಸಿಕೊಳ್ಳಬಹುದು, ಕಟ್ಟೆಯನ್ನು ಮೊದಲು ಉಳಿಸಬೇಕು. ಯಾವುದು ಮೊದಲು ಎಂಬ ತಿಳಿವು ಪುಸ್ತಕದಿಂದ ಅರ್ಧ ಬರುತ್ತದೆ, ಉಳಿದರ್ಧ ವರ್ಷಗಳಿಂದ ಬರುತ್ತದೆ.

ಆಮೇಲಿನ ಪ್ರಶ್ನೆ, ಹೊಸ ಗೇಟು ಕೂಡಿಸುವುದು ಹೇಗೆ? ರೂಢಿಯ ದಾರಿ ಒಂದಿತ್ತು. ನೀರಿನ ಮಟ್ಟ ಗೇಟಿನ ತಳಕ್ಕೆ ಇಳಿಯುವವರೆಗೆ ಕಾಯುವುದು. ಅದಕ್ಕೆ 60 ಟಿ.ಎಂ.ಸಿ.ಗೂ ಮೇಲ್ಪಟ್ಟು ನೀರು ಹೊಳೆಗೆ ಹೋಗಬೇಕಾಗಿತ್ತು. ಅಂದರೆ ಅರ್ಧಕ್ಕಿಂತ ಹೆಚ್ಚು ಜಲಾಶಯ, ಅಂದರೆ ಲಕ್ಷಾಂತರ ಎಕರೆಯ ಭತ್ತ. ಆಗ ಕನ್ನಯ್ಯ ನಾಯ್ಡು ಅವರನ್ನು ಕರೆಸಿದರು. ನೌಕರಿಯಿಂದ ನಿವೃತ್ತರಾದ ವೃದ್ಧರು, ಅಣೆಕಟ್ಟೆಯ ಗೇಟುಗಳ ಕೆಲಸದಲ್ಲೇ ಆಯುಷ್ಯ ಕಳೆದವರು. ಹರಿಯುವ ನೀರಿನಲ್ಲೇ ತಡೆಗೇಟು ಇಳಿಸಬಹುದು ಎಂದು ಅವರು ಹೇಳಿದರು.

ಹೇಗೆ? ಇಡೀ ಗೇಟನ್ನು ಒಂದೇ ಸಲ ಇಳಿಸಿದರೆ ನೀರಿನ ಹೊಡೆತ ಅದನ್ನು ಎತ್ತಿ ಎಸೆಯುತ್ತದೆ. ಆದಕಾರಣ ಅದನ್ನು ಐದು ತುಂಡು ಮಾಡಿದರು. ಒಂದೊಂದೂ 60 ಅಡಿ ಉದ್ದ, 4 ಅಡಿ ಎತ್ತರ. ಹರಿಗೋಲಿನವನ ಲೆಕ್ಕವೇ ಇಲ್ಲಿಯೂ ನಡೆಯಿತು. ಹೊಳೆಯೊಂದಿಗೆ ಒಂದೇ ಬಾರಿಗೆ ಗುದ್ದಾಡದೆ ತುಂಡು ತುಂಡಾಗಿ ಅದರ ಜಾಗ ತೆಗೆದುಕೊಳ್ಳುವುದು. ತೋರಣಗಲ್ಲು, ಹೊಸಪೇಟೆಗಳ ಕಾರ್ಖಾನೆಗಳಲ್ಲಿ ಬೆಸುಗೆಗಾರರು, ಫಿಟ್ಟರುಗಳು ಹಗಲಿರುಳು ದುಡಿದು ಆ ತುಂಡುಗಳನ್ನು ಸಿದ್ಧಮಾಡಿದರು. ಮೊದಲ ಪ್ರಯತ್ನ ಕೈಗೂಡಲಿಲ್ಲ. ಯಾರ ತಲೆಯನ್ನೂ ಹೊಡೆಯಲಿಲ್ಲ. ಎಲ್ಲಿ ತಡೆಯಾಯಿತೆಂದು ನೋಡಿ, ಅದನ್ನು ಸರಿಪಡಿಸಿಕೊಂಡು ಮತ್ತೆ ಇಳಿಸಿದರು. ಆಗಸ್ಟ್ 16ರ ರಾತ್ರಿ ಮೊದಲ ತುಂಡು ಕೂತಿತು. ಮರುದಿನ ಉಳಿದವೂ ಕೂತವು. ಜಲಾಶಯದಲ್ಲಿ ಸುಮಾರು 70 ಟಿ.ಎಂ.ಸಿ. ನೀರು ಉಳಿಯಿತು. ಹಿಂದಿನಿಂದ ಮಳೆಯೂ ಕೈಹಿಡಿಯಿತು. ಸೆಪ್ಟೆಂಬರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಬಂದು ಬಾಗಿನ ಅರ್ಪಿಸಿದರು, ದುಡಿದವರನ್ನು ಸನ್ಮಾನಿಸಿದರು.

ಮಿತ್ರರೆ, ಇದರಲ್ಲಿ ಒಬ್ಬ ವೃದ್ಧರ ಬುದ್ಧಿಯನ್ನು ಮಾತ್ರ ಕಾಣಬೇಡಿ. ಕನ್ನಯ್ಯ ನಾಯ್ಡು ಅವರು ದಾರಿ ತೋರಿಸಿದರು. ಆದರೆ 60 ಅಡಿಯ ಉಕ್ಕಿನ ಹಲಗೆಯನ್ನು ಕ್ರೇನಿನ ಕೊಕ್ಕೆಯಲ್ಲಿ ತೂಗಾಡದಂತೆ ಹಿಡಿದವರು, ಕೆಳಗೆ ಹೊಳೆ ಬೋರ್ಗರೆಯುತ್ತಿರುವಾಗ ಕಟ್ಟೆಯ ಮೇಲೆ ನಿಂತು ಬೋಲ್ಟು ಬಿಗಿದವರು ಕೆಲಸಗಾರರು. ಅವರ ಕೈಯಲ್ಲಿ ಅನುಭವ ಇರದಿದ್ದರೆ ಅವರ ತಲೆಯಲ್ಲಿದ್ದ ಅನುಭವ ಕಾಗದದ ಮೇಲೆಯೇ ಉಳಿಯುತ್ತಿತ್ತು.

ಆದರೆ ಇದೇ ಕಥೆಗೆ ಇನ್ನೊಂದು ಮುಖವಿದೆ. ಅದನ್ನು ಮುಚ್ಚಿಡುವುದು ಪ್ರಾಮಾಣಿಕತನವಲ್ಲ. ಆ ಸರಪಳಿ ಏಕೆ ಕಡಿಯಿತು? ಎಪ್ಪತ್ತು ವರ್ಷ ತಡೆದಿತ್ತು. "ಇಷ್ಟು ವರ್ಷ ಏನೂ ಆಗಿಲ್ಲ" ಎಂಬುದು ಅನುಭವದ ಮಾತಿನಂತೆ ಕೇಳುತ್ತದೆ. ಅದು ಅಭ್ಯಾಸದ ಮಾತು. ಕಬ್ಬಿಣಕ್ಕೆ ನಮ್ಮ ನಂಬಿಕೆ ಗೊತ್ತಿಲ್ಲ. ಅದು ಸವೆಯುತ್ತಲೇ ಇರುತ್ತದೆ. ತಜ್ಞರ ಸಮಿತಿ ಬಂದು ನೋಡಿ 33 ಗೇಟುಗಳನ್ನೂ ಬದಲಿಸಬೇಕು ಎಂದಿತು. 2025ರ ಮುಂಗಾರಿನಲ್ಲಿ ಜಲಾಶಯವನ್ನು ಪೂರ್ತಿ ತುಂಬಿಸದೆ 80 ಟಿ.ಎಂ.ಸಿ.ಗೆ ಮಿತಿಗೊಳಿಸಬೇಕಾಯಿತು. ಇಪ್ಪತ್ತು ವರ್ಷ ಕೆಲಸ ಮಾಡಿದ ಎಲ್ಲರಿಗೂ ಇಪ್ಪತ್ತು ವರ್ಷದ ಅನುಭವ ಇರುತ್ತದೆಂದು ಹೇಳಲಾಗದು. ಕೆಲವರಿಗೆ ಒಂದೇ ವರ್ಷದ ಅನುಭವ ಇಪ್ಪತ್ತು ಸಲ ಆಗಿರುತ್ತದೆ. ಪ್ರತಿದಿನ ನೋಡುವ ವಸ್ತುವನ್ನು ಇಂದು ಹೊಸದಾಗಿ ನೋಡಬಲ್ಲವನೇ ಅನುಭವಸ್ಥ. ಸುಣ್ಣವೆಂದಾಗ ನಕ್ಕವರ ತಪ್ಪೂ ಇದೇ. ಹೊಸದಾಗಿ ಬಂದ ಹುಡುಗ "ಈ ಸದ್ದು ನಿನ್ನೆ ಇರಲಿಲ್ಲ" ಎಂದರೆ ನಗಬೇಡಿ. ಅವನ ಕಿವಿಗೆ ಇನ್ನೂ ಅಭ್ಯಾಸದ ಮೇಣ ಮೆತ್ತಿಲ್ಲ.

ಇನ್ನು ಕಟ್ಟಕಡೆಯ, ನಮ್ಮ ಮಟ್ಟಿಗೆ ಎಲ್ಲಕ್ಕಿಂತ ನೋವಿನ ಮಾತು. ಅಣೆಕಟ್ಟೆ ಕಟ್ಟುವಾಗ ಅದರ ಗೇಟುಗಳಿಗಾಗಿ ಇದೇ ಹೊಸಪೇಟೆಯಲ್ಲಿ ಒಂದು ವರ್ಕ್‌ಷಾಪು ಹುಟ್ಟಿತು. 1960ರಲ್ಲಿ ಅದು ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಕಂಪೆನಿಯಾಯಿತು. ದೇಶದ ಎಷ್ಟೋ ಅಣೆಕಟ್ಟೆಗಳಿಗೆ ಗೇಟುಗಳು ಇಲ್ಲಿಂದ ಹೋದವು. ಅಪ್ಪ ಫಿಟ್ಟರು, ಮಗ ಬೆಸುಗೆಗಾರ ಎಂಬಂತೆ ಕಸುಬು ಬೆಳೆಯಿತು. 2015ರಲ್ಲಿ ಕೇಂದ್ರ ಸರ್ಕಾರ ಅದನ್ನು ಮುಚ್ಚುವ ತೀರ್ಮಾನ ಮಾಡಿತು. ನಷ್ಟದ ಲೆಕ್ಕ ಬರೆದರು. ಭೂಮಿಯ, ಯಂತ್ರದ ಬೆಲೆ ಕಟ್ಟಿದರು. ಆ ಕೆಲಸಗಾರರ ಬೆರಳುಗಳಲ್ಲಿದ್ದ ತಿಳಿವಿಗೆ ಯಾವ ಖಾತೆಯಲ್ಲಿ ಬೆಲೆ ಬರೆದರು? ಒಂಬತ್ತೇ ವರ್ಷಗಳಲ್ಲಿ ಆ ಕಾರ್ಖಾನೆಯ ಕೂಗಳತೆಯಲ್ಲೇ ಗೇಟು ಕೊಚ್ಚಿಹೋಯಿತು. ಗೇಟು ಬಲ್ಲವರಿಗಾಗಿ ಹುಡುಕಾಡಬೇಕಾಯಿತು.

ಅನುಭವವೆಂಬುದು ಬ್ಯಾಂಕಿನಲ್ಲಿಡುವ ಹಣದಂತಲ್ಲ. ಮನುಷ್ಯ ಹೋದರೆ ಅವನ ಜೊತೆಗೇ ಹೋಗುತ್ತದೆ. ಕೊಟ್ಟರೆ ಉಳಿಯುತ್ತದೆ, ಬಚ್ಚಿಟ್ಟರೆ ಅಳಿಯುತ್ತದೆ. ಇಂದು ಗಿರಣಿಗಳಲ್ಲಿ, ಗಣಿಗಳಲ್ಲಿ ಗುತ್ತಿಗೆಯ ಆಳುಗಳನ್ನು ಹಂಗಾಮಿಗೊಮ್ಮೆ ಬದಲಿಸುತ್ತಾರೆ. ಮೂರು ತಿಂಗಳಲ್ಲಿ ಯಂತ್ರದ ಸ್ವಭಾವ ತಿಳಿಯುವ ಹೊತ್ತಿಗೆ ಅವನನ್ನು ಕಳಿಸಿ ಬೇರೊಬ್ಬನನ್ನು ತರುತ್ತಾರೆ. ಕೂಲಿಯಲ್ಲಿ ನಾಲ್ಕು ಕಾಸು ಉಳಿದಂತೆ ಕಾಣುತ್ತದೆ. ಒಡೆದ ಯಂತ್ರದಲ್ಲಿ, ಮುರಿದ ಕೈಕಾಲಿನಲ್ಲಿ ನಾಲ್ಕು ಪಟ್ಟು ಹೋಗುತ್ತದೆ. 1961ರ ಅಪ್ರೆಂಟಿಸ್ ಕಾಯಿದೆ ಹುಡುಗರಿಗೆ ಕಸುಬು ಕಲಿಸಲೆಂದು ಬಂದದ್ದು. ಚಹ ತರಿಸಲು, ಕಸ ಗುಡಿಸಲು ಬಂದದ್ದಲ್ಲ.

ಹಾಗಾದರೆ ನಾವು ಮಾಡಬೇಕಾದದ್ದೇನು? ನಾಳೆಯಿಂದಲೇ ಮಾಡಬಹುದಾದ ಕೆಲಸಗಳಿವೆ. ಪ್ರತಿಯೊಂದು ಗಿರಣಿಯಲ್ಲಿ ಯಂತ್ರದ ಪಕ್ಕದಲ್ಲಿ ಒಂದು ನೂರು ಪುಟದ ನೋಟುಬುಕ್ಕು ತೂಗುಹಾಕಿ. ಯಾವ ದಿನ ಏನು ಕೆಟ್ಟಿತು, ಮೊದಲು ಏನು ತಿಳಿದೆವು, ಕೊನೆಗೆ ಕಾರಣ ಏನೆಂದು ಗೊತ್ತಾಯಿತು, ಇಷ್ಟನ್ನು ಬರೆಯಿರಿ. ಬರೆಯಲು ಬಾರದವನು ಹೇಳಲಿ, ಬಲ್ಲವನು ಬರೆದುಕೊಳ್ಳಲಿ. ತಪ್ಪಿದ್ದನ್ನು ಮುಖ್ಯವಾಗಿ ಬರೆಯಿರಿ. ನಮ್ಮ ಗ್ರೀಸಿನ ಕಥೆಯನ್ನು ಅಂದು ಯಾರಾದರೂ ಬರೆದಿಟ್ಟಿದ್ದರೆ ಆಮೇಲೆ ಬಂದ ಹುಡುಗರಿಗೆ ಎಷ್ಟು ಬೇರಿಂಗು ಉಳಿಯುತ್ತಿದ್ದವು! ಹಳಬರು ಕೆಲಸ ಮಾಡುವಾಗ ಬಾಯಿಬಿಟ್ಟು ಮಾಡಿ: "ಇಲ್ಲಿ ನೋಡು, ಮೊದಲು ಇದನ್ನೇ ಯಾಕೆ ಮುಟ್ಟಿದೆ ಗೊತ್ತೇನು?" ಎಂದು ಹುಡುಗನಿಗೆ ಹೇಳುತ್ತ ಮಾಡಿ. ನನ್ನ ಕಸುಬು ಕಲಿತರೆ ನನ್ನ ಅನ್ನಕ್ಕೇ ಕಲ್ಲು ಬೀಳುತ್ತದೆ ಎಂಬ ಭಯ ಬೇಡ. ಆ ಭಯ ಹುಟ್ಟಿಸಿದವರು ಹುಡುಗರಲ್ಲ. ಕೆಲಸದ ಭದ್ರತೆಗಾಗಿ ಕೇಳುವಾಗ ವರ್ಷಗಳ ಲೆಕ್ಕವನ್ನಷ್ಟೇ ಮುಂದಿಡಬೇಡಿ. ಈ ವರ್ಷಗಳಲ್ಲಿ ಯಾವ ಯಂತ್ರ ಉಳಿಸಿದೆವು, ಯಾವ ಅಪಘಾತ ತಪ್ಪಿಸಿದೆವು ಎಂಬ ಆ ನೋಟುಬುಕ್ಕನ್ನೂ ಮುಂದಿಡಿ.

ಆ ಕೆರೆಯ ಏರಿಯಲ್ಲಿ ಮಣ್ಣು ಹೊತ್ತ ಸಾವಿರಾರು ಜನರಲ್ಲಿ ಒಬ್ಬರ ಹೆಸರೂ ನಮಗೆ ಉಳಿದಿಲ್ಲ. ಏರಿ ಒಡೆದಾಗೊಮ್ಮೆ ಅವರು ಏನು ಕಂಡರು, ಮುಂದಿನ ಸಲ ಬುಟ್ಟಿಯನ್ನು ಎಲ್ಲಿ ಸುರಿದರು ಎಂಬುದನ್ನು ಯಾರೂ ಕೇಳಿ ಬರೆಯಲಿಲ್ಲ. ಬಲಿಯ ಲೆಕ್ಕ ಉಳಿಯಿತು, ತಿಳಿವಿನ ಲೆಕ್ಕ ಉಳಿಯಲಿಲ್ಲ. ನಮ್ಮ ಕಾಲದಲ್ಲಿ ಹಾಗಾಗದಿರಲಿ. ನಾಳೆ ಪಾಳಿಗೆ ಹೋದಾಗ ಯಂತ್ರ ಮುಟ್ಟುವ ಮುಂಚೆ ಒಂದು ಗಳಿಗೆ ನಿಂತು ನೋಡಿ. ಪಕ್ಕದಲ್ಲಿ ಚೀಲ ಹೊರುವವನನ್ನು ಒಂದು ಮಾತು ಕೇಳಿ.